ಮುಚ್ಚಳದ ನೀರು

ಪರದೇಶದ ಈ ಸೆಲ್ಲಿ ಓಕ್ ಬಡಾವಣೆಯ ಬೀದಿಯಲ್ಲಿ ಯಾರೋ ಸುಟ್ಟ ಪಟಾಕಿಯ ಹೊಗೆ ಈಗ ಅಮ್ಮನಿಲ್ಲದ ಮನೆಯೊಳಗೆ ಬಂದು ನಿಂತಿದೆ.

ವರ್ಷಗಳ ಹಿಂದಿನ ಆ ಮಧ್ಯಾಹ್ನವೂ ಇದೇ ವಾಸನೆಯಿತ್ತು. ಹಳೆಯ ರಣರಂಗವೊಂದರ ಪಾರ್ಕಿನಲ್ಲಿ, ಒರಟು ಉಣ್ಣೆಯ ಅಂಗಿ ತೊಟ್ಟ ಜನ ಅಲ್ಲಿ ಹಿಂದೆ ನಡೆದ ಕಾಳಗವನ್ನು ಆಡಿ ತೋರಿಸುತ್ತಿದ್ದರು. ಅದರ ಹಿಂದಿನ ತಿಂಗಳು ಧಾರವಾಡದಲ್ಲಿ ಅಜ್ಜ ತೀರಿಕೊಂಡಿದ್ದರು. ಅಮ್ಮ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಬಾಯಿಗೆ ಕೊನೆಯ ನೀರು ಬಿಡಲು ಮಗಳಿಗೆ ಆಗಲಿಲ್ಲ. ಅವಳ ಮನಸ್ಸು ಹಗುರಾಗಲೆಂದು ಅಪ್ಪ ನಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದರು.

ಕೋವಿಗಳು ಸಿಡಿದವು. ನೋಡುಗರ ಮುಂದೆ ಕಟ್ಟಿದ್ದ ಹಗ್ಗದ ಆಚೆ, ನಮ್ಮೆದುರಿಗೇ, ಬಿಳಿ ಗಡ್ಡದ ಸಿಪಾಯಿಯೊಬ್ಬ ಬಿದ್ದು, ಬಾಯಿ ತೆರೆದು ನರಳತೊಡಗಿದ. ಅಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದಳು.

“ಎಲ್ಲಿ ಹೊಂಟಿ? ಅದು ನಾಟಕ ಅದ,” ಎಂದರು ಅಪ್ಪ.

“ಗೊತ್ತದ ನನಗ.”

ಅವಳು ಹಗ್ಗ ದಾಟಿ, ಒದ್ದೆ ಹುಲ್ಲಿನ ಮೇಲೆ ಕೂತು, ಅವನ ತಲೆಯನ್ನು ತೊಡೆಗೇರಿಸಿಕೊಂಡು, ಬಾಟಲಿಯ ಮುಚ್ಚಳದಿಂದ ಬಾಯಿಗೆ ನೀರು ಬಿಟ್ಟಳು. ಇದೂ ಆಟದ ಭಾಗವೆಂದು ಸುತ್ತಲಿನವರು ಚಪ್ಪಾಳೆ ತಟ್ಟಿದರು. ಅವನು ಕಣ್ಣು ತೆರೆಯದೆ “ಥ್ಯಾಂಕ್ಸ್, ಲವ್,” ಎಂದು ಪಿಸುಗುಟ್ಟಿ, ತನ್ನ ಪಾತ್ರದಂತೆ ಸತ್ತ.

ಮನೆಗೆ ಮರಳುವಾಗ, ಕಾರು ಡರ್ಬಿ ಊರು ದಾಟಿದ ಮೇಲೆ, ಮಡಿಲಲ್ಲಿದ್ದ ಬಾಟಲಿಯ ಮುಚ್ಚಳ ತಿರುವುತ್ತ ಅಮ್ಮ ನನ್ನತ್ತ ತಿರುಗಿದಳು.

“ಒಂದು ಗುಟುಕು ನುಂಗಿದ್ರು. ನೋಡಿದಿಲ್ಲೋ ನೀನು?”