ಮೂರೇ ಜಾಗ

"ಎಲ್ಲಿ, ತೋರ್ಸು ನೋಡೋಣ," ಎನ್ನುತ್ತ ದಂತವೈದ್ಯೆ ಕೈಗವಸು ಕಳಚಿ ಕೌಂಟರಿನ ಹಿಂದೆ ಬಂದು ನಿಂತರು.

ರಿಸೆಪ್ಷನಿಸ್ಟ್ ಕಂಪ್ಯೂಟರಿನತ್ತ ತಿರುಗಿದಳು. ರೋಗಿಗಳ ಸರದಿ ಹೊಂದಿಸುವ ಪ್ರೋಗ್ರಾಂ. ಕುಕ್ಕರ್ ಕೂಗುವವರೆಗೆ ಒಂದಿಷ್ಟು, ಮಗು ಮಲಗಿದಾಗ ಒಂದಿಷ್ಟು ಎಂದು ಕಲಿತು, ಅವಳೇ ಬರೆದು ಮುಗಿಸಿದ್ದು. ಅದು ಓಡಿದರೆ ಕೌಂಟರ್ ಅವಳದೇ. ಓಡದಿದ್ದರೆ, ಸೋಫಾದಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದ ಕಂಪನಿಯವನ ಸಾಫ್ಟ್‌ವೇರ್ ಬರುತ್ತದೆ. ಅದು ಬಂದರೆ ಕೌಂಟರಿನಲ್ಲಿ ಮನುಷ್ಯರೇ ಬೇಕಿಲ್ಲ. ವೈದ್ಯೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಪ್ರೋಗ್ರಾಂ ಬರೆದಿಟ್ಟಿದ್ದ ವೆಬ್‌ಸೈಟು ತೆರೆದಳು. ಪರದೆಯ ಮೇಲೆ ಮೂರು ವರ್ಕ್‌ಸ್ಪೇಸ್‌ಗಳು, ಕೋಡು ಇಡುವ ಜಾಗಗಳು, ಇದ್ದವು. ಅವಳದು ಇರಲಿಲ್ಲ.

ಕೋಡಿಂಗ್ ಕಲಿಯುವವರಿಗೆ ಆ ವೆಬ್‌ಸೈಟು ಬಿಟ್ಟಿಯಾಗಿ ಕೊಡುತ್ತಿದ್ದದ್ದು ಮೂರೇ ಜಾಗ; ಹೊಸದು ಬೇಕಾದರೆ ಹಳೆಯದೊಂದನ್ನು ಅಳಿಸಬೇಕು. ಖಾತೆ ಗಂಡನದು. ತಾನೂ ಒಂದು ತೆರೆಯುತ್ತೇನೆ ಎಂದಾಗ ಆ ಮಹಾಶಯ, "ನಮ್ಮಲ್ಲಿ ನಂದು ನಿಂದು ಅಂತ ಇದ್ಯಾ?" ಎಂದು ನಕ್ಕಿದ್ದ. ಅಷ್ಟಕ್ಕೇ ಕರಗಿಹೋಗಿದ್ದಳು, ಪೆದ್ದಿ. ಈಗ ಅವನಿಗೆ ಫೋನ್ ಮಾಡಿದಳು.

"ಓ, ಅದಾ? ಬೆಳಿಗ್ಗೆ ಹೊಸ ಕೋರ್ಸ್ ಶುರು ಮಾಡ್ದೆ. ಜಾಗ ಇರ್ಲಿಲ್ಲ, ತೆಗ್ದೆ."

"ನಿಮ್ದೇ ಎರಡಿತ್ತಲ್ರೀ! ಅವನ್ನ ಮುಟ್ಟಿ ಯಾವ ಕಾಲ ಆಯ್ತು?"

"ಅವು ಅರ್ಧಕ್ಕೆ ನಿಂತಿವೆ ಕಣೇ. ಅರ್ಧಂಬರ್ಧ ಇರೋದನ್ನ ಹೇಗೆ ಅಳಿಸ್ಲಿ? ನಿಂದು ಮುಗ್ದಿತ್ತಲ್ಲ."

"ವಾಪಸ್ ಬರುತ್ತಾ?"

"ಬರಲ್ಲ ಅನ್ಸುತ್ತೆ. ಇನ್ನೊಂದ್ಸಲ ಬರಿ. ಬರ್ದೋಳಿಗೆ ಅದೇನ್ ಮಹಾ?"

ಅವಳು ಫೋನ್ ಕಟ್ ಮಾಡಿ ಮೇಜಿನ ಮೇಲೆ ಕುಕ್ಕಿದಳು. ವೈದ್ಯೆ ಗಡಿಯಾರ ನೋಡಿದರು. "ಹೋಗ್ಲಿ ಬಿಡು, ಪಾಪ," ಎಂದು ಸೋಫಾದ ಕಡೆ ಕೈ ಮಾಡಿದರು. ಆ ಪಾಪವೆಂಬ ಮಾತು ಬೈಗುಳಕ್ಕಿಂತ ಚುಚ್ಚಿತು.

ಕಂಪನಿಯವನು ಬ್ಯಾಗಿನ ಜಿಪ್ ಎಳೆಯುವಷ್ಟರಲ್ಲಿ ಅವಳು ಗಂಡನ ಜಾಗಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಹಳೆಯ ಎರಡರಲ್ಲೂ, ಬೆಳಿಗ್ಗೆಯ ಹೊಸದರಲ್ಲೂ ಇದ್ದದ್ದು ಮೊದಲ ಪಾಠದ ಅದೇ ಒಂದು ಸಾಲು: ಹಲೋ ವರ್ಲ್ಡ್.

"ಮೇಡಂ," ಕಂಪನಿಯವನು ಬಲು ವಿನಯದಿಂದ ಅವಳ ಕುರ್ಚಿಯ ಬೆನ್ನಿಗೆ ಕೈಯಿಟ್ಟ. "ಸ್ವಲ್ಪ ಜಾಗ ಬಿಡ್ತೀರಾ?"