ಅಜ್ಜಿಯ ಮಾತು

ಹಲವು ವಿಶ್ವವಿದ್ಯಾಲಯಗಳು ಕೂಡಿ ಕಟ್ಟಿದ ಭಾಷಾಭಂಡಾರದ ಉದ್ಘಾಟನೆ. ಊರೂರು ಅಲೆದು ಅದಕ್ಕೆ ಕೊರಗ ಭಾಷೆಯನ್ನು ತುಂಬಿಕೊಟ್ಟವನು ಐತಪ್ಪ. ಭಂಡಾರದ ಅನುವಾದ ಯಂತ್ರ ಎಲ್ಲಿ ತಪ್ಪಿ ಮಾನ ಕಳೆಯುವುದೋ ಎಂದು ಬೆಳಗಿನಿಂದ ಅವನಿಗೆ ಪುಕಪುಕ.

ಕುಲಪತಿಗಳು ಅವನ ತಾಯಿಯ ಮುಂದೆ ಮೈಕು ಹಿಡಿದರು. "ನಿಮ್ಮ ಭಾಷೆಯಲ್ಲೇ ಮೊಮ್ಮಗಳಿಗೆ ಎಂತಾದ್ರೂ ಹೇಳಿ ಅಜ್ಜಿ. ಪರದೆ ಮೇಲೆ ಕನ್ನಡದಲ್ಲಿ ಬರ್ತದೆ."

ಮುದುಕಿ ಮುಂದಿನ ಸಾಲಿನಲ್ಲಿದ್ದ ಹುಡುಗಿಯನ್ನೇ ನೋಡುತ್ತ ನಿಧಾನವಾಗಿ ಏನೋ ಹೇಳಿದಳು. ಅಷ್ಟು ದೊಡ್ಡ ಸಭೆಯಲ್ಲಿ ಅದು ಅರ್ಥವಾದದ್ದು ಐತಪ್ಪನೊಬ್ಬನಿಗೇ. ಯಂತ್ರ ಈಗೊಮ್ಮೆ ತಪ್ಪಲಿ ಎಂದು ಅವನು ಬೇಡಿಕೊಂಡ.

"ಅಜ್ಜಿ ಎಂತ ಹೇಳಿದ್ದು ಅಪ್ಪ?" ಪಕ್ಕದಲ್ಲಿ ಕೂತಿದ್ದ ಮಗಳು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಪರದೆಯ ಮೇಲೆ ಅಕ್ಷರಗಳು ಮೂಡಿದವು:

"ಮಗಳೇ, ನಿನ್ನ ಕಿವಿಗೆ ನಮ್ಮ ಮಾತು ಬೀಳಲೇಬಾರದು ಎಂದು ನಿನ್ನಪ್ಪ ನನಗೆ ಕಟ್ಟಪ್ಪಣೆ ಮಾಡಿದ್ದಾನೆ."