ಬಣ್ಣ ಹಚ್ಚದ ಉಗುರು

ರಕ್ತದಲ್ಲಿ ಸಕ್ಕರೆ ಏರಿದರೆ ಎಲ್ಲರ ಉಗುರೂ ನೇರಳೆಯಾಗುತ್ತಿದ್ದ ಕಾಲವದು. ಹಾಗಾಗಿ ಮದುಮಗಳು ಉಗುರಿಗೆ ಕೆಂಪು ಬಳಿದುಕೊಂಡೇ ಗಂಡನ ಮನೆ ಹೊಗುವುದು ಪದ್ಧತಿ. ದಾಕ್ಷಾಯಿಣಿ ಮಾತ್ರ ಬರಿಯ ಉಗುರಿನಲ್ಲೇ ಹೊಸ್ತಿಲು ದಾಟಿದಳು. ಮದುವೆಯ ಗಡಿಬಿಡಿಗೆ ಹತ್ತೂ ಉಗುರು ತಿಳಿ ನೇರಳೆಯಾಗಿದ್ದವು.

ಅತ್ತೆ ಚೆನ್ನವ್ವ ಬಾಳೆಹಣ್ಣು, ಸಕ್ಕರೆ ಕಿವುಚಿದ ಹಾಲಿನ ಬಟ್ಟಲು ಚಾಚಿದರು. "ನೀ ಅರ್ಧ, ನಿನ್ನ ಗಂಡ ಅರ್ಧ. ಶಾಸ್ತ್ರದ ಹಾಲು, ಬ್ಯಾಡ ಅನಬಾರದವ್ವ."

ನಾಲ್ಕು ಜನರೆದುರು ಬಾಯಿ ಬಿಡದ ದಾಕ್ಷಾಯಿಣಿ ಯೋಚಿಸಿದಳು. ಇಂದು ಕುಡಿದರೆ ಪ್ರತಿ ಹಬ್ಬಕ್ಕೂ ಕುಡಿಯಬೇಕಾಗುತ್ತದೆ.

"ಹಾಲು ಬ್ಯಾಡ ಅನ್ನಂಗಿಲ್ರಿ ಅತ್ತಿ. ಸಕ್ರಿ ಹಾಕದ್ದು ಕೊಡ್ರಿ. ನನಗ ಸಕ್ರಿ ಕಾಯಿಲೆ ಐತಿ. ಇವರಿಗೆ ಮೊದಲ ಹೇಳೇನಿ."

"ಬಣ್ಣ ಹಚ್ಕೊಂಡಿದ್ರ ಯಾರಿಗೂ ತಿಳೀತಿರಲಿಲ್ಲ," ನಾದಿನಿ ಕುಟುಕಿದಳು.

"ಮಂದಿಗೆ ತಿಳೀತಿರಲಿಲ್ಲ, ಖರೆ. ರಕ್ತಕ್ಕ ತಿಳೀತಿತ್ತಲ್ರಿ."

ಚೆನ್ನವ್ವ ಮುಖ ಬಿಗಿದುಕೊಂಡೇ ಒಳಗೆ ಹೋಗಿ ಒಂದು ಲೋಟ ಬರಿಯ ಹಾಲು ತಂದರು. ದಾಕ್ಷಾಯಿಣಿ ನಿಧಾನವಾಗಿ ಅರ್ಧ ಕುಡಿದಳು. ತುಟಿ ಒರೆಸಿಕೊಂಡು ಲೋಟವನ್ನು ಗಂಡ ಬಸವಂತನತ್ತ ಹಿಡಿದಳು.

ಅವನು ಸಕ್ಕರೆ ಹಾಲಿನ ಬಟ್ಟಲನ್ನೊಮ್ಮೆ ನೋಡಿದ, ಲೋಟ ತೆಗೆದುಕೊಂಡ. ಒಂದು ಗುಟುಕಿಗೇ ಮುಖ ಹಿಂಡಿದ.

"ಏನ ಸಪ್ಪಗೈತಿ!"

"ರೂಢಿ ಆಗ್ತೈತ್ರಿ," ಎಂದಳು ದಾಕ್ಷಾಯಿಣಿ. "ಪೂರ್ತಿ ಕುಡೀರಿ."